ತಕ್ಕಡಿ ಏರಿದ ಟಗರು

ಹೋದ ವರ್ಷ ಮುಂಗಾರಿಗೆ ಮುಂಚೆ ನಮ್ಮ ಕುರಿಗಳಿಗೆ ಹೊಟ್ಟೆಹುಳದ ಔಷಧಿ ಕುಡಿಸಲು ಸರ್ಕಾರದ ಜೀಪು ಬಂತು. ಅದರ ಹಿಂದಿನ ಮಳೆಗಾಲದಲ್ಲಿ ಮರಿಗಳು ಉಚ್ಚಿಕೊಂಡು ಉಚ್ಚಿಕೊಂಡು ಸತ್ತಿದ್ದವು. ಆದೋನಿ ಅಂಗಡಿಯಿಂದ ಔಷಧಿ ತಂದು ಇಡೀ ಹಿಂಡಿಗೆ ಕುಡಿಸುವುದು ನಮ್ಮ ಕೈಲಾಗುವ ಮಾತಲ್ಲ. ಜೀಪಿನಲ್ಲಿ ಬಂದ ಹುಡುಗಿ ಕೆಲವು ಕುರಿಗಳ ಕೊರಳಿಗೆ ನಂಬರಿನ ಬಿಲ್ಲೆ ಕಟ್ಟಿ ತೂಗಿದಳು. ಎರಡು ತಿಂಗಳಿಗೆ ಬಂದು ಅವನ್ನೇ ಮತ್ತೆ ತೂಗುತ್ತೇನೆ, ಔಷಧಿಯಿಂದ ಗುಣ ಕಂಡರೆ ಮಾತ್ರ ಜೀಪು ಮುಂದೆಯೂ ಬರುತ್ತದೆ ಎಂದಳು.

ಹೇಳಿದಂತೆ ಬಂದಳು. ಮೂರನೇ ನಂಬರಿನದನ್ನು ತಕ್ಕಡಿಗೆ ಹತ್ತಿಸಿ ತನ್ನ ಪಟ್ಟಿ ತಿರುವಿ ನೋಡಿದಳು.

"ಅವ್ವಾ, ಇದು ಹೋದ ಸಲ ಹೆಣ್ಣಿತ್ತು. ಈಗ ಟಗರಾಗೈತೇನ್ರಿ?"

ನೋಡಿದರೆ ಕೊಂಬಿನ ಟಗರು! ನನ್ನ ಮೈದುನ ಪಕ್ಕದಲ್ಲೇ ಮೀಸೆ ಸವರುತ್ತ ನಿಂತಿದ್ದ.

"ಏನ್ ಮಾಡಿಯೋ?"

"ಬಿಲ್ಲಿ ಬಿಚ್ಚಿ ಚಲೋ ಕುರಿಗೋಳಿಗೆ ಕಟ್ಟೀನಿ ಅತ್ತಿಗೀ. ನೋಡಾಕ ಬಂದೋರ ಮುಂದ ಬಡಕಲವು ನಿಲ್ಲಿಸ್ತಾರೇನು?"

"ಹಂಗಾದ್ರ ಹೆಣ್ಣಿನೋರು ಬಂದಾಗ ನಿನ್ನ ಯಾಕ ನಿಲ್ಲಿಸಿದ್ರೋ? ಊರಾಗ ಚಲೋರು ಯಾರೂ ಇದ್ದಿಲ್ಲೇನು?"

ಹುಡುಗಿಗೂ ನಗು ಬಂತು. ಆಮೇಲೆ ಬಿಡಿಸಿ ಹೇಳಿದಳು. "ಒಂದು ಕುರಿನ ಅದರ ಜೋಡಿನೇ ಹೋಲಿಸ್ಬೇಕ್ರಿ. ಮೊದಲೆಷ್ಟಿತ್ತು, ಈಗೆಷ್ಟೈತಿ. ಹಂಗ ಎಲ್ಲಾ ಕುರಿಗೋಳ್ದೂ ವ್ಯತ್ಯಾಸ ತಗದು, ಅದು ಔಷಧಿ ಗುಣನೋ, ಸುಮ್ನ ಹೆಚ್ಚುಕಮ್ಮಿ ಆಗಿದ್ದೋ ಅಂತ ನೋಡ್ತೀವಿ."

"ಮಳಿ ಬಿದ್ದು ಹುಲ್ಲು ತಿಂದ್ರೂ ತೂಕ ಬರ್ತೈತಲ್ಲಬೇ?"

"ಅದಕ್ಕ ಔಷಧಿ ಕುಡಿಸದ ಹಿಂಡೂ ತೂಗಾಕತ್ತೀವಿ. ಅವಕ್ಕ ಆಮ್ಯಾಲೆ ಕುಡಿಸ್ತೀವ್ರಿ."

ನಾನೇ ಹಿಂಡಿಗೆ ನುಗ್ಗಿ ಮೊದಲಿನ ಕುರಿಗಳನ್ನು ಕಿವಿ ಹಿಡಿದು ಎಳೆದು ತಂದೆ. ಎರಡು ಇನ್ನೂ ಬಡಕಲಾಗಿಯೇ ಇದ್ದವು. ಅವನ್ನೂ ತಂದೆ. ಹುಡುಗಿ ತೂಗಲಿಲ್ಲ.

"ಒಮ್ಮೆ ಬಿಲ್ಲಿ ಅದಲುಬದಲಾದ ಮ್ಯಾಲೆ ನಿಮ್ಮ ಹಿಂಡು ಲೆಕ್ಕಕ್ಕ ಹಿಡಿಯಾಂಗಿಲ್ರಿ. ಬ್ಯಾರೆ ಊರಿನವು ಏನ್ ಹೇಳ್ತಾವ ನೋಡೂಣು."

ಮೈಯೆಲ್ಲ ಉರಿಯಿತು. ಆದರೆ ಅವಳ ಮೇಲೆ ರೇಗಿ ಏನು ಬಂತು? ನನಗೆ ಗುರುತಿದೆ ಎಂದರೆ ಅವಳಿಗೆ ಗುರುತಾದಂತೆಯೇ? ನಮ್ಮ ಮರಿಗಳ ಜೀವ ಬೇರೆಯವರ ಕುರಿಗಳ ತೂಕಕ್ಕೆ ಜೋತುಬಿತ್ತು, ಈ ಪುಣ್ಯಾತ್ಮನ ಮರ್ಯಾದೆಯ ದೆಸೆಯಿಂದ.

ಪೆದ್ದಹರಿವಾಣಂ ಕಡೆಯ ಹಿಂಡುಗಳಲ್ಲಿ ಗುಣ ಕಂಡಿತಂತೆ. ಈ ವರ್ಷವೂ ಜೀಪು ಬಂತು. ಮೈದುನ ಊರೆಲ್ಲ ಹೇಳಿಕೊಂಡು ತಿರುಗಿದ: "ನಮ್ಮ ಟಗರು ನೋಡೇ ಕಳಿಸ್ಯಾರ!"

ಬಿಲ್ಲೆ ಕಟ್ಟುವ ದಿನ ಅವನನ್ನು ಹೊಲಕ್ಕೆ ಅಟ್ಟಿದೆ.