ಹೊಳೆಯ ಈಚೆ ದಡದ ಹೆಂಡತಿ

ನಮ್ಮ ಬ್ರುಕ್ ಊರಿನಲ್ಲಿ ನನ್ನ ಗೆಳತಿ ಒಟ್ಟೀಲಿಯ ಬ್ರೆಡ್ಡಿನಂಗಡಿ ಲೈತಾ ಹೊಳೆಯ ಸೇತುವೆಗೆ ಅಂಟಿಕೊಂಡಿತ್ತು. ಈಚೆ ಆಸ್ಟ್ರಿಯ, ಆಚೆ ಹಂಗೇರಿ. ಆಳುವವನು ಒಬ್ಬನೇ, ಈಚೆಗೆ ಚಕ್ರವರ್ತಿ, ಆಚೆಗೆ ರಾಜ. ಆದರೆ ಕಾನೂನು ಬೇರೆ ಬೇರೆ. ನಮ್ಮ ಕಡೆ ಚರ್ಚಿನಲ್ಲಿ ಆದ ಮದುವೆ ಸಾಯುವ ತನಕ. ಆಚೆ ಕೋರ್ಟಿನಲ್ಲಿ ವಿಚ್ಛೇದನ ಸಿಗುತ್ತಿತ್ತು.

ಅವಳ ಗಂಡ ಲಿಯೊಪೋಲ್ಡ್ ಕುದುರೆಯ ಜೀನು ಹೊಲಿಯುವವನು. ಅವನು ಆಚೆ ಹೋಗಿ ಹಂಗೇರಿಯ ಪ್ರಜೆಯಾದ, ವಿಚ್ಛೇದನ ಪಡೆದ, ಎಟೆಲ್ಕಾ ಎಂಬವಳನ್ನು ಮದುವೆಯಾದ. ಅವರ ಮನೆ ಒಟ್ಟೀಲಿಯ ಕಿಟಕಿಗೆ ನೇರವಾಗಿ ಕಾಣುತ್ತಿತ್ತು. ಎಟೆಲ್ಕಾ ಬೆಳಿಗ್ಗೆ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳೆಂದರೆ ಒಟ್ಟೀಲಿ ಹಿಟ್ಟನ್ನು ಗುದ್ದಿ ಗುದ್ದಿ ನಾದುತ್ತಿದ್ದಳು. ಪಕ್ಕದಲ್ಲೇ ಅಂಗಿಗುಂಡಿಗಳ ಅಂಗಡಿ ಇಟ್ಟಿದ್ದ ನನಗೆ ಆ ಸದ್ದು ಕೇಳಿಸುತ್ತಿತ್ತು.

ಒಂದು ದಿನ ಅವರಿಬ್ಬರೂ ಕೈಕೈ ಹಿಡಿದು ನಮ್ಮ ಸಂತೆಗೆ ಬಾತುಕೋಳಿ ಕೊಳ್ಳಲು ಬಂದರು. ಒಟ್ಟೀಲಿ ಹಿಟ್ಟಿನ ಕೈಯಲ್ಲೇ ಅಡ್ಡ ನಿಂತು ಪೊಲೀಸಿನವನನ್ನು ಕರೆದಳು.

"ಇವನು ನನ್ನ ಗಂಡ. ಪಕ್ಕದಲ್ಲಿರೋಳು ಯಾರು ಅಂತ ಕೇಳಿ."

"ಕೋರ್ಟು ಬಿಡಿಸಿ ಆಗಿದೆ ಕಣೇ," ಎಂದ ಲಿಯೊಪೋಲ್ಡ್. "ಅಲ್ಲಿ ನೀನು ನಂಗೆ ಯಾರೂ ಅಲ್ಲ."

"ನೀನು ಅಲ್ಲಿಲ್ಲವಲ್ಲ. ಇಲ್ಲಿ ನಿಂತಿದೀಯ."

ಪೊಲೀಸಿನವನು ಮೀಸೆ ತಿಕ್ಕಿಕೊಂಡ. "ಅಮ್ಮಾವ್ರು ಹೇಳೋದು ಸರಿ. ದೊರೆ ಒಬ್ರೇ ಇರಬಹುದು, ಆ ಕೋರ್ಟಿನ ಮಾತು ಈ ದಡದಲ್ಲಿ ನಡೆಯಲ್ಲ. ಇಲ್ಲಿ ನಿಮಗೆ ಇವರೇ ಹೆಂಡತಿ."

ಎಟೆಲ್ಕಾ ಅಳುತ್ತಾ ಬರಿಗೈಯಲ್ಲಿ ವಾಪಸು ಹೋದಳು. ಆ ಸಂಜೆ ಒಟ್ಟೀಲಿ ನಮ್ಮ ಮನೆಯಲ್ಲಿ ವೈನು ಕುಡಿದು ಬಹಳ ನಕ್ಕಳು. ಆಮೇಲೆ ಲೋಟ ಕೆಳಗಿಟ್ಟು ಹೇಳಿದಳು: "ಅವಳು ಅತ್ತಾಗ ಅವನು ಬೆನ್ನು ಸವರಿದ, ನೋಡಿದ್ಯಾ? ನಾನು ಅತ್ತಾಗ ಒಂದು ದಿನಾನೂ ಸವರಲಿಲ್ಲ."

ಮರುವರ್ಷ ಬಡಗಿ ಅಲೋಯಿಸ್ ಒಟ್ಟೀಲಿಯನ್ನು ಮದುವೆಗೆ ಕೇಳಿದ. ಒಳ್ಳೆಯವನು, ಮಾತು ಕಡಿಮೆ. ಇಬ್ಬರೂ ಆಚೆ ಹೋಗಿ ಅಲ್ಲಿನ ಪ್ರಜೆಗಳಾಗೋಣ, ಆಗ ಅಲ್ಲಿನ ವಿಚ್ಛೇದನ ನಿನಗೂ ನಡೆಯುತ್ತದೆ, ಅಲ್ಲೇ ಸಂಸಾರ ಮಾಡೋಣ ಎಂದ. ಒಟ್ಟೀಲಿಗೂ ಅವನ ಮೇಲೆ ಮನಸ್ಸಿತ್ತು. ಹೋಗೇ ಹುಚ್ಚಿ ಎಂದು ನಾನೂ ಬೈದೆ.

"ಹೋಗ್ತೀನಿ ಅಂತಿಟ್ಕೋ," ಎಂದಳು. "ನಾನೂ ಆ ಕಡೆಯ ಪ್ರಜೆಯಾದ್ರೆ ಇಲ್ಲೂ ನಾನು ಹೆಂಡತಿಯಲ್ಲ, ಆಮೇಲೆ ಲಿಯೊಪೋಲ್ಡ್‌ಗೆ ಎರಡು ದಡದಲ್ಲೂ ಎಟೆಲ್ಕಾ ಒಬ್ಬಳೇ. ನನ್ನ ಹತ್ರ ಇರೋದು ಇದೊಂದೇ ದಡ ಕಣೇ. ಇದನ್ನೂ ಅವಳಿಗೆ ಕೊಡ್ಲಾ?"

ಅಲೋಯಿಸ್ ಬಹಳ ಕಾಲ ಕಾದ. ಕೊನೆಗೆ ಮಿಲಿಟರಿ ಕ್ಯಾಂಪಿನ ಹತ್ತಿರದ ಒಬ್ಬ ವಿಧವೆಯನ್ನು ಮದುವೆಯಾದ. ಮದುವೆಯ ಬ್ರೆಡ್ಡನ್ನು ಒಟ್ಟೀಲಿಯೇ ಬೇಯಿಸಿಕೊಟ್ಟಳು. ಚರ್ಚಿನ ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತು ಮದುಮಗಳನ್ನೇ ದಿಟ್ಟಿಸುತ್ತಿದ್ದಳು. ಇವಳ ಮೈಬಣ್ಣ ಎಷ್ಟು ಚೆನ್ನಾಗಿದೆ, ಇವಳಿಗೆ ಯಾವ ತಕರಾರೂ ಇಲ್ಲದೆ ಗಂಡ ಸಿಕ್ಕಿಬಿಟ್ಟನಲ್ಲ ಎಂದು ಪಿಸುಗುಟ್ಟಿದಳು. ನನ್ನ ಕೈ ಹಿಡಿದಿದ್ದ ಅವಳ ಉಗುರು ಚರ್ಮಕ್ಕೆ ನಾಟಿತ್ತು.