ಕ್ಯೂನಲ್ಲಿ ನಿಂತ ಅಣ್ಣ

ಮೊಮ್ಮಗಳು ದುಬೈಯಿಂದ ಒಂದು ಬೆಲ್ ತಂದಿದ್ದಾಳೆ. ಮೇಜಿನ ಮೇಲಿಟ್ಟು ಅಂಗೈಯಲ್ಲಿ ಒತ್ತಿದರೆ ಟಿಣ್ ಎನ್ನುವಂಥದ್ದು. ಎಂಬಿಎ ಕಾಲೇಜಿನವರು ಎಂಟರ್‌ಪ್ರೆನರ್‌ಶಿಪ್ ಕಲಿಸುತ್ತೇವೆಂದು ಒಂದು ವಾರದ ಸ್ಟಡಿ ಟೂರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಎಲ್ಲರಿಗೂ ಒಂದೊಂದು ಗಿಫ್ಟ್ ಕೊಟ್ಟರಂತೆ. ನೆರೂಳಿನ ನಮ್ಮ ಫ್ಲ್ಯಾಟಿನ ಡೈನಿಂಗ್ ಟೇಬಲ್ ಮೇಲೆ ಅವಳು ಅದನ್ನು ಸುಮ್ಮನೆ ಒತ್ತಿದಳು. ನನ್ನ ಮೂಗಿಗೆ ಡೊಂಬಿವಲಿ ಸ್ಟೇಶನ್ನಿನ ಹೊರಗಿನ ಸಾಂಬಾರಿನ ವಾಸನೆ ಬಂತು...

ಅಲ್ಲೊಂದು ಉಡುಪಿ ಹೋಟೆಲಿತ್ತು. ಬಾಗಿಲಿಗೆ ತಾಗಿದಂತೆ ಗಲ್ಲಾ, ಗಲ್ಲಾದ ಮೇಲೆ ಇಂಥದೇ ಒಂದು ಹಿತ್ತಾಳೆಯ ಬೆಲ್ಲು. ಅದರ ಹಿಂದೆ ಕೂತಿರುತ್ತಿದ್ದ ಯಜಮಾನರನ್ನು ಮರಾಠಿಯವರು, ರಿಕ್ಷಾದವರು, ನಾವು, ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದೆವು. ನಾನಾಗ ಠಾಣೆಯ ಒಂದು ಕಾನ್ವೆಂಟಿನಲ್ಲಿ ಇಂಗ್ಲಿಷ್ ಟೀಚರ್. ರಸ್ತೆಯ ಆಚೆ ನಾನು ರಿಕ್ಷಾ ಇಳಿಯುವುದು ಅಣ್ಣನ ಕಣ್ಣಿಗೆ ಬಿದ್ದರೆ ಸಾಕು, ಬೆಲ್ ಟಿಣ್ ಎನ್ನುತ್ತಿತ್ತು. "ಟೀಚರ್‌ದು ಇಡ್ಲಿ, ಸಾಂಬಾರ್ ಬೇರೆ!" ನಾನು ಬಂದು ಕೂರುವಾಗ ಪ್ಲೇಟು ಕೂತಿರುತ್ತಿತ್ತು. ಲೋಕಲ್ ಹಿಡಿಯಲು ಓಡುವ ಎಲ್ಲರಿಗೂ ಹಾಗೆಯೇ.

ಒಮ್ಮೆ ನಾನು, "ಇವತ್ತು ನನಗೆ ದೋಸೆ ಬೇಕಿತ್ತಲ್ಲ ಅಣ್ಣ" ಎಂದೆ.

"ದೋಸೆ ತಿಂದ್ರೆ ಫಾಸ್ಟ್ ಲೋಕಲ್ ತಪ್ತದೆ ಟೀಚರ್. ಸ್ಲೋದಲ್ಲಿ ಲೇಟಾಗಿ ಹೋಗಿ ನಿಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹತ್ರ ಬೈಸಿಕೊಳ್ತೀರಾ? ಸುಮ್ನೆ ಇಡ್ಲಿ ತಿನ್ನಿ ಮಾರಾಯ್ರೆ."

ಅಣ್ಣನ ಒಬ್ಬನೇ ಮಗ ಎಂಬಿಎ ಸೇರಿದ. ಕಾಲೇಜಿನಿಂದ ಒಂದು ವಾರ ಸಿಂಗಾಪುರಕ್ಕೆ ಹೋಗಿ ಬಂದ. ಬಂದವನ ತಲೆತುಂಬ ಐಡಿಯಾ. "ಪಪ್ಪಾ, ಉಧರ್ ಗಲ್ಲಾ ಹೋತಾ ಹೀ ನಹೀಂ. ಓನರೇ ಬಾಗಿಲಲ್ಲಿ ಕೂತ್ರೆ ಬಿಸಿನೆಸ್ ಸ್ಕೇಲ್ ಹೇಗೆ ಆಗೋದು?" ಎಂದು ನನ್ನೆದುರೇ ಕೇಳಿದ್ದ. ಅಣ್ಣ ಒಂದು ಮಾತೂ ಎದುರಾಡಲಿಲ್ಲ. ಅವನು ಆಚೆ ಹೋದ ಮೇಲೆ ನನ್ನ ಕಡೆ ಬಗ್ಗಿ, "ಉಡುಪಿಯಿಂದ ಇಲ್ಲಿಗೆ ಬಂದದ್ದೇ ನನ್ನ ಫಾರಿನ್ನು. ಅವ ಎಲ್ಲ ನೋಡಿ ಬಂದಿದ್ದಾನೆ. ಕಲಿತವ ಹೇಳಿದ್ರೆ ಕೇಳ್ಬೇಕಲ್ಲ ಟೀಚರ್?" ಎಂದರು. ಆ ದನಿಯಲ್ಲಿದ್ದ pride... ಅದನ್ನು ಈಗ ನೆನೆದರೂ ನನಗೆ ಸಿಟ್ಟು ಬರುತ್ತದೆ.

ಗಲ್ಲಾ ಹೋಯಿತು. ಆ ಜಾಗದಲ್ಲಿ ಮುಟ್ಟಿದರೆ ಟೋಕನ್ ಕೊಡುವ ಮಶಿನ್ ಬಂತು. ಹಳೆಯ ಮಾಣಿಗಳು ಹೋಗಿ ಕ್ಯಾಪ್ ಹಾಕಿದ ಹೊಸಬರು ಬಂದರು. ಸಿಂಗಾಪುರದಲ್ಲಿ ಅವನು ತಿಂದದ್ದು ರಜೆಯ ಹೊಟ್ಟೆಯಲ್ಲಿ. ಡೊಂಬಿವಲಿಯಲ್ಲಿ ಬೆಳಗ್ಗೆ ಯಾರಿಗೂ ರಜೆ ಇರುವುದಿಲ್ಲ. ಮಶಿನ್ ಮುಂದಿನ ಕ್ಯೂ ನೋಡಿದವರು ಗಡಿಯಾರ ನೋಡಿದರು, ಸ್ಟೇಶನ್ನಿನ ಮೆಟ್ಟಿಲ ಬಳಿಯ ವಡಾಪಾವ್ ಗಾಡಿಯ ಕಡೆ ನಡೆದರು.

ಒಂದು ಬೆಳಗ್ಗೆ ಅಣ್ಣ ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದರು. ಅವರನ್ನು ಗುರುತಿಸದ ಒಬ್ಬ ಹೊಸ ವೇಟರ್ ಬಂದು, "ಅಂಕಲ್, ಟೋಕನ್?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಕೈಯೆತ್ತಿ ನನ್ನನ್ನು ತಡೆದರು. ಎದ್ದು ಹೋಗಿ, ತಾವೇ ಕಟ್ಟಿದ ಹೋಟೆಲಿನಲ್ಲಿ, ಒಂದು ಕಾಫಿಗಾಗಿ ಕ್ಯೂನಲ್ಲಿ ನಿಂತರು. ಕನ್ನಡಕ ತಂದಿರಲಿಲ್ಲವೆಂದು ಕಾಣುತ್ತದೆ. ಹುಬ್ಬು ಗಂಟಿಕ್ಕಿ, ಮಶಿನ್ನಿಗೆ ಮುಖ ಕೊಟ್ಟು, ಎಲ್ಲಿ ಒತ್ತಬೇಕೆಂದು ಹುಡುಕುತ್ತಿದ್ದರು. ಮಗ ಒಳಗಿನಿಂದ ಬಂದ. ನಕ್ಕ. ಮೊಬೈಲ್ ಎತ್ತಿ ಫೋಟೊ ತೆಗೆದ.

"ಸಿಂಗಾಪುರದಲ್ಲೂ ಹೀಗೇ ಅಂತೆ ಟೀಚರ್," ಎಂದರು ಅಣ್ಣ, ನನ್ನನ್ನು ಸಮಾಧಾನ ಮಾಡುವವರಂತೆ.

ಹೋಟೆಲು ಹೆಚ್ಚು ದಿನ ನಡೆಯಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ. ಅಣ್ಣ ಕಲ್ಯಾಣದಲ್ಲಿ ಮಗಳ ಮನೆ ಸೇರಿದರು. ಒಮ್ಮೆ ನೋಡಲು ಹೋಗಿದ್ದೆ. ರಸ್ತೆಯ ಕಡೆಯ ಕಿಟಕಿಯಲ್ಲಿ ಕೂತಿದ್ದರು. ಕೆಳಗೆ ರಿಕ್ಷಾ ನಿಂತ ಸದ್ದಾದಾಗಲೆಲ್ಲ ಅವರ ಅಂಗೈ ಕಿಟಕಿಯ ಕಟ್ಟೆಯನ್ನು ಒಮ್ಮೆ ಒತ್ತುತ್ತಿತ್ತು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ... ಮುಂದಿನ ಮಳೆಗಾಲ ಅವರು ನೋಡಲಿಲ್ಲ.

ಬೆಲ್ಲಿನ ಪಕ್ಕದಲ್ಲೇ ಮೊಮ್ಮಗಳು ಲ್ಯಾಪ್‌ಟಾಪ್ ಬಿಚ್ಚಿದ್ದಳು. ದುಬೈಯಲ್ಲಿ ಒಬ್ಬ ಮೆಂಟರ್ ಲೆಕ್ಚರ್ ಕೊಟ್ಟನಂತೆ, ತನ್ನ ಮೊದಲ ಸೋಲಿನ ಬಗ್ಗೆ. ಬಹಳ inspiring ಅಂತೆ. ಅವನ ಸ್ಲೈಡೊಂದನ್ನು ತನ್ನ ಪ್ರೆಸೆಂಟೇಶನ್ನಿಗೂ ಹಾಕಿಕೊಂಡಿದ್ದಳು. ಮಶಿನ್ ಮುಂದೆ ಹುಬ್ಬು ಗಂಟಿಕ್ಕಿದ ಅಣ್ಣ. ಕೆಳಗೆ ದಪ್ಪ ಅಕ್ಷರದಲ್ಲಿ: The founder resisted change.

"ಇದು ಸುಳ್ಳು," ಎಂದೆ. "ಈ ಮನುಷ್ಯ ಯಾವುದಕ್ಕೂ ಇಲ್ಲ ಅನ್ನಲಿಲ್ಲ. ನಾನು ಅಲ್ಲೇ ಇದ್ದೆ."

"ಅಜ್ಜಿ, but ಉನ್ ಕಾ ಸನ್ ಹೀ ಬೋಲಾ ನಾ, ಆ ಮೆಂಟರ್. ಔರ್ ಸಬ್ಮಿಷನ್ ಕಲ್ ಹೈ."

ಮರುದಿನ ಸಂಜೆ ಖುಷಿಯಿಂದ ಬಂದಳು. ಪ್ರೆಸೆಂಟೇಶನ್ ಚೆನ್ನಾಗಿ ಆಯಿತಂತೆ. ಆ ಫೋಟೊ ಬಂದಾಗ ಇಡೀ ಕ್ಲಾಸು ನಕ್ಕಿತಂತೆ. ಚಹಾ ಬೇಕೆಂದು, ಆಟಕ್ಕೆ, ಬೆಲ್ ಒತ್ತಿದಳು. ನಾನು ಏಳಲಿಲ್ಲ.