ಬ್ಯಾಟರಿ ಗಾಡಿಯ ಬಾಯಿಗೆ ಭಂಡಾರ

ಗಾಲ್ಫ್ ಮೈದಾನವನ್ನು ನಾನು ಇಂದಿಗೂ ಕಣ್ಣಾರೆ ನೋಡಿಲ್ಲ. ಆದರೆ ಅಲ್ಲಿ ಓಡಾಡುವಂಥ ಬ್ಯಾಟರಿ ಗಾಡಿಯೊಂದು ಅಥಣಿ ಹತ್ತಿರದ ನನ್ನ ದ್ರಾಕ್ಷಿ ತೋಟದಲ್ಲಿದೆ. ಕೊಲ್ಹಾಪುರದ ಕಡೆಯ ರೆಸಾರ್ಟಿನವರು ಮಾರಲು ತೆಗೆದಾಗ, ಚಾರ್ಜರ್ ಪುಕ್ಕಟೆ ಕೊಟ್ಟರಷ್ಟೇ ಎತ್ತುತ್ತೇನೆಂದು ಪಟ್ಟು ಹಿಡಿದು ತಂದದ್ದು. ಹಳೆಯ ಸಾಮಾನು ಕೊಳ್ಳುವವರಿಗೆ ಒಂದು ಮಾತು: ದರ ಮಾತಾಡುವ ಮೊದಲು ಚಾಲೂ ಮಾಡಿಸಿ, ಸದ್ದು ಕೇಳಿಸಿಕೊಳ್ಳಿ. ಈ ಚಾರ್ಜರಿನ ಸದ್ದು ನನಗೆ ಗೊತ್ತಿತ್ತು. ಅದರ ಪಿನ್ನು ಗಾಡಿಗೆ ಚುಚ್ಚಿದ ತುಸು ಹೊತ್ತಿಗೆ ಕಟಕ್ ಎನ್ನುತ್ತದೆ, ಆಮೇಲೆ ಜೇನಿನಂತೆ ಗುಂಯ್‌ಗುಡುತ್ತದೆ.

ತಂಗಿಯ ಮಗಳ ಮದುವೆಯ ಬೆಳಿಗ್ಗೆ ಅದು ಕಟಕ್ ಎನ್ನಲಿಲ್ಲ.

ಮದುವೆ ರಸ್ತೆ ಬದಿಯ ಮಂಗಲ ಕಾರ್ಯಾಲಯದಲ್ಲಿ, ನಮ್ಮ ಮನೆ ತೋಟದ ಒಳಗೆ. ನಡುವೆ ಟ್ರ್ಯಾಕ್ಟರ್ ಓಡಿ ಗುಂಡಿ ಬಿದ್ದ ದಾರಿ. ಸೊಂಟದ ಆಪರೇಷನ್ ಆದ ಅವ್ವ ಕಾರಿನೊಳಗೆ ಬಗ್ಗಿ ಕೂರುವಂತಿರಲಿಲ್ಲ. ಗಾಲಿಕುರ್ಚಿ ಆ ದಾರಿಯಲ್ಲಿ ಉರುಳದು. ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತೇವೆಂದರೆ ಕಣ್ಣು ಕೆಂಪು ಮಾಡಿದಳು.

"ನಾಕು ಮಂದಿ ಹೊತ್ಕೊಂಡು ಹೋಗೂದು ಒಮ್ಮೇ ಐತಿ. ಅದು ಮದುವಿ ದಿನಾ ಅಲ್ಲ."

ಮದುಮಗಳಾದ ಮೊಮ್ಮಗಳದು ಇನ್ನೊಂದು ಹಟ: "ಆಯಿ ಬರೂತನಕ ಅಂತರಪಟ ಸರಸಬ್ಯಾಡ್ರಿ." ಅಕ್ಷತೆ ಮಧ್ಯಾಹ್ನಕ್ಕೆ. ಗಾಡಿ ಎದ್ದರೆ ಅವ್ವ ಮದುವೆ ನೋಡುತ್ತಾಳೆ, ಇಲ್ಲವಾದರೆ ಇಲ್ಲ.

ಹಿಂದಿನ ದಿನವೆಲ್ಲ ಬೀಗರ ಸಾಮಾನು ಸಾಗಿಸಿ ಗಾಡಿ ಸೋತಿತ್ತು. ನಮ್ಮ ಡ್ರೈವರ್ ಸಂಜೆ ಪಿನ್ನು ಚುಚ್ಚಿ ಹೋಗಿದ್ದ, ಸದ್ದಿಗೆ ಕಾದಿರಲಿಲ್ಲ. ನಿಪ್ಪಾಣಿಯ ರಿಪೇರಿಯವನಿಗೆ ಫೋನ್ ಹಚ್ಚಿದೆ.

"ಚಾರ್ಜರ್ ಸುಟ್ಟೈತ್ರಿ ಮಾಲಕ್ರ. ಹೊಸಾದು ತರಸೂಣು, ನಾಳಿಗೆ ಬರ್ತೈತಿ."

"ನಾಡಿ ಹಿಡೀಲಾರದ ರೋಗ ಹ್ಯಾಂಗ ತಿಳೀತೋ ಡಾಕ್ಟರಾ?" ಎಂದು ಫೋನ್ ಇಟ್ಟೆ. ನೋಡದೆ ರೋಗ ಹೇಳುವವನು ಮಾರಲು ಕೂತಿರುತ್ತಾನೆ. ನಾನೂ ಹಾಗೆ ಮಾರಿಯೇ ಮೇಲೆ ಬಂದವನು.

ಒಂದು ತುದಿಯಿಂದ ಹಿಡಿದೆ. ಗೋಡೆಯ ಸಾಕೆಟ್ಟಿಗೆ ಟೇಬಲ್ ಫ್ಯಾನ್ ಹಚ್ಚಿದೆ, ತಿರುಗಿತು. ಚಾರ್ಜರಿನ ಫ್ಯೂಜು ಬಿಚ್ಚಿ ಮೀಟರ್ ಹಿಡಿದೆ, ಸರಿಯಿತ್ತು. ಸೀಟು ಎತ್ತಿ ಬ್ಯಾಟರಿ ನೋಡಿದರೆ ಇಳಿದಿತ್ತು, ಸತ್ತಿರಲಿಲ್ಲ. ಈ ಚಾರ್ಜರ್ ಬಲು ಸಂಶಯದ ಪ್ರಾಣಿ. ಎದುರಿಗೆ ಬ್ಯಾಟರಿ ಇದೆಯೆಂದು ಖಾತ್ರಿಯಾಗದೆ ಕರೆಂಟ್ ಬಿಡುವುದಿಲ್ಲ. ಹಾಗಾದರೆ ಇದಕ್ಕೆ ಬ್ಯಾಟರಿ ಯಾಕೆ ಕಾಣುತ್ತಿಲ್ಲ? ಗಾಡಿಯ ಮೈಮೇಲಿನ ಚಾರ್ಜಿಂಗ್ ತೂತಿಗೆ ಮೀಟರ್ ಹಿಡಿದೆ. ಸೊನ್ನೆ. ಬಾವಿಯಲ್ಲಿ ನೀರಿದೆ, ನಳದಲ್ಲಿಲ್ಲ.

ಅಷ್ಟರಲ್ಲಿ ಕಾರ್ಯಾಲಯದ ಕಡೆಯಿಂದ ಬ್ಯಾಂಡು ಶುರುವಾಯಿತು.

ಮೊಬೈಲ್ ಬೆಳಕು ಬಿಟ್ಟು ಆ ತೂತಿನೊಳಗೆ ನೋಡಿದೆ. ಹಳದಿ.

ನಮ್ಮಲ್ಲಿ ಮದುವೆಯ ಮೊದಲ ಪತ್ರಿಕೆ ಮಂಗಸೂಳಿ ಮಲ್ಲಯ್ಯನಿಗೆ. ಅಲ್ಲಿಂದ ತಂದ ಭಂಡಾರವನ್ನು, ಅಂದರೆ ದೇವರಿಗೆ ತೂರುವ ಅರಿಶಿಣಪುಡಿಯನ್ನು, ಮನೆಯವರೆಲ್ಲ ಹಣೆಗೆ ಹಚ್ಚಿಕೊಂಡಿದ್ದೆವು. ಅವ್ವ ಹಿಂದಿನ ಸಂಜೆ ಅದನ್ನು ಎಣ್ಣೆಯಲ್ಲಿ ಕಲಸಿ, ತನ್ನನ್ನು ಮದುವೆಗೆ ಒಯ್ಯುವ ಗಾಡಿಗೂ ಉಣಿಸಿದ್ದಳು. ಅದು ಕರೆಂಟ್ ಉಣ್ಣುವ ಬಾಯಿಗೇ. ರಾತ್ರಿಯೆಲ್ಲ ಗಟ್ಟಿಯಾಗಿ ಪಿನ್ನಿಗೆ ಅಡ್ಡ ಕೂತಿತ್ತು.

"ನಾ ನಿನ್ನೇನ ನೋಡೇನ್ರಿ ಅಣ್ಣಾರ," ಡ್ರೈವರ್ ತಲೆ ತಗ್ಗಿಸಿದ. "ಪಿನ್ನು ಬಿಗಿ ಹೋಗಾಕತ್ತಿತ್ತು. ಆದ್ರ ಮಲ್ಲಯ್ಯನ ಭಂಡಾರ ನಾ ಹ್ಯಾಂಗ ವರಸ್ಲಿ?"

ನನ್ನ ಕೈಯೂ ಮುಂದೆ ಹೋಗುತ್ತಿರಲಿಲ್ಲ. ಮದುವೆಯ ದಿನ ದೇವರನ್ನು ಕೆರೆದು ತೆಗೆಯುವ ಗಂಡಸು ನಮ್ಮ ಸೀಮೆಯಲ್ಲಿ ಯಾರಿದ್ದಾನೆ? ಗಾಡಿಯನ್ನು ಚಾರ್ಜರ್ ಸಮೇತ ಪಡಸಾಲೆಯವರೆಗೆ ತಳ್ಳಿ, ಹೊಸ ಇಳಕಲ್ ಸೀರೆಯುಟ್ಟು ಕೂತಿದ್ದ ಅವ್ವನ ಮುಂದೆ ನಿಲ್ಲಿಸಿದೆವು.

"ಯವ್ವಾ, ಗಾಡಿ ಉಂಡೈತಿ. ಇನ್ನ ಬಾಯಿ ತೊಳೀಬೇಕು."

"ದೇವರನ್ನ ತಗೀತೀಯೇನೋ?"

"ತಗಿಯೂದಲ್ಲಬೇ, ಪ್ರಸಾದ ಹಂಚಿಕೊಳ್ಳೂದು. ಅದೊಂದಕ್ಕ ಎಷ್ಟು ಕೊಟ್ಟೀದಿ, ನಮಗೂ ಇರ್ಲಿ."

"ನನ್ನ ಕೂಡನೂ ವ್ಯಾಪಾರಕ್ಕ ನಿಂತಿ?" ಎಂದಳು. ಬ್ಯಾಂಡು ಕೇಳಿಬರುತ್ತಿದ್ದ ಕಡೆ ನೋಡಿದಳು. ಆಮೇಲೆ ಕೈ ಚಾಚಿದಳು. "ಒಂದು ಊದಿನಕಡ್ಡಿ ತಾ. ನಾನ ತುರುಕೇನಿ, ನಾನ ತಗೀತೇನಿ."

ಬ್ಯಾಟರಿಯ ವೈರು ಮೊದಲು ಬಿಚ್ಚಿದೆ. ಇದನ್ನು ಮರೆಯಬೇಡಿ, ಅಲ್ಲಿ ಸ್ಕ್ರೂಡ್ರೈವರ್ ತುರುಕಿದರೆ ಕಿಡಿ ಹಾರುತ್ತದೆ. ಕಡ್ಡಿಯ ಬಿದಿರಿನ ತುದಿಯಿಂದ ಅವ್ವ ಕೆರೆದಳು. ಗಟ್ಟಿಯಾದ ಹಳದಿ ಚೂರುಗಳನ್ನು ಅಂಗೈಗೆ ಉದುರಿಸಿ, "ಏಳಕೋಟ" ಎಂದು ಮಲ್ಲಯ್ಯನ ಜಯಕಾರ ಹಾಕಿ ತನ್ನ ಹಣೆಗೆ, ನನ್ನ ಹಣೆಗೆ, ಡ್ರೈವರನ ಹಣೆಗೆ ತಿಕ್ಕಿದಳು. ಒಣ ಬಟ್ಟೆಯಿಂದ ಒರೆಸಿ, ವೈರು ಕೂಡಿಸಿ, ಪಿನ್ನು ಚುಚ್ಚಿದೆ.

ಮೂವರೂ ಚಾರ್ಜರಿನ ಕಡೆ ಕಿವಿಗೊಟ್ಟೆವು.

ಕಟಕ್.

ಸಿಕ್ಕಷ್ಟು ಹೊತ್ತು ಚಾರ್ಜ್ ಮಾಡಿ ಹೊರಟೆವು. ಗುಂಡಿ ಗುಂಡಿಗೂ ಗಾಡಿ ನರಳಿತು. ಕೊನೆಯ ಏರಿಗೆ ಡ್ರೈವರ್ ಇಳಿದು ತಳ್ಳಿದ. ಕಾರ್ಯಾಲಯದಲ್ಲಿ ಭಟ್ಟರು ಬಾಯಿಗೆ ಬಂದ ಮಂಗಳಾಷ್ಟಕವನ್ನೆಲ್ಲ ಎಳೆದು ಎಳೆದು ಹಾಡುತ್ತಿದ್ದರು. ಅಂತರಪಟ ಇನ್ನೂ ನಡುವೆ ಇತ್ತು. ಅವ್ವನ ಹಳದಿ ಬೆರಳುಗಳಿಂದ ಅಕ್ಷತೆ ಹಾರಿದಾಗ ಗಾಡಿ ಮಂಟಪದ ಮುಂದೆಯೇ ಪೂರಾ ನಿಂತುಬಿಟ್ಟಿತ್ತು.

"ತಿರುಗಿ ಹೋಗಾಕ ಚಾರ್ಜು ಐತೇನೋ?" ಎಂದು ಕೇಳಿದಳು.

"ಇಲ್ಲಬೇ."

"ಚಲೋ ಆತು. ಮದುವಿ ಊಟಾನೂ ಮಾಡಿಕೊಂಡ ಹೋಗ್ತೇನಿ."